ಮುಚ್ಚಿದ ಬಾಗಿಲಿಗೆ ಹೋಗುವ ಕಾಗದಗಳು: ವಿಂಡೋಸ್ ಕಂಪ್ಯೂಟರಿನಲ್ಲಿ ಪ್ರಾಕ್ಸಿ

ಕಳೆದ ಮಳೆಗಾಲದ ಒಂದು ಸಂಜೆ ಕಾಸರಗೋಡಿನ ನೀರ್ಚಾಲಿನಲ್ಲಿರುವ ಅಣ್ಣನ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ ಅವನ ಮಗಳು ಲ್ಯಾಪ್‌ಟಾಪನ್ನು ತಂದು ನನ್ನ ಮುಂದಿಟ್ಟಳು. “ಅಪ್ಪಚ್ಚಿ, ವೈಫೈ ಇದ್ದು, ನೆಟ್ ಮಾತ್ರ ಬತ್ತಿಲ್ಲೆ” ಎಂದಳು. ಅದೇ ವೈಫೈಯಲ್ಲಿ ಅತ್ತಿಗೆಯ ಮೊಬೈಲು ಸಲೀಸಾಗಿ ವಿಡಿಯೊ ತೋರಿಸುತ್ತಿತ್ತು. ಲ್ಯಾಪ್‌ಟಾಪಿನ ಕ್ರೋಮ್ ಮಾತ್ರ ಯಾವ ಪುಟ ಕೇಳಿದರೂ ಪ್ರಾಕ್ಸಿ ಸರ್ವರಿನಲ್ಲಿ ಏನೋ ತೊಂದರೆಯಿದೆ ಎಂಬ ಒಂದೇ ಸಂದೇಶವನ್ನು ತೋರಿಸುತ್ತಿತ್ತು. ಆಶ್ಚರ್ಯವೆಂದರೆ ಆ ಹೊತ್ತಿಗೆ ಅದರಲ್ಲಿ ಪ್ರಾಕ್ಸಿಯ ತಂತ್ರಾಂಶವೇ ಇರಲಿಲ್ಲ. ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಮಧ್ಯಾಹ್ನವಷ್ಟೇ ಅವಳು ಅದನ್ನು ತೆಗೆದುಹಾಕಿದ್ದಳು. ಇಲ್ಲದ ವಸ್ತುವಿನಿಂದ ತೊಂದರೆಯಾಗುವುದು ಹೇಗೆ ಎಂಬ ಅವಳ ಪ್ರಶ್ನೆ ಸಣ್ಣದಲ್ಲ. ಪ್ರಾಕ್ಸಿಯ ಇಡೀ ಮರ್ಮ ಅದರ ಉತ್ತರದಲ್ಲಿದೆ.

ಕಾಸರಗೋಡಿನ ಕನ್ನಡಿಗರಿಗೆ ಪ್ರಾಕ್ಸಿಯೆಂದರೆ ಏನೆಂದು ಹೇಳುವುದು ಸುಲಭ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಂದಿನಿಂದ, ಮಲಯಾಳದಲ್ಲಿ ಬಂದ ನೋಟೀಸನ್ನು ಬಲ್ಲವರಿಂದ ಓದಿಸಿಕೊಳ್ಳುವುದು, ನಮ್ಮ ಅಹವಾಲನ್ನು ಅವರಿಂದ ಬರೆಸಿ ಕಚೇರಿಗೆ ಮುಟ್ಟಿಸುವುದು ಇಲ್ಲಿನ ಎಷ್ಟೋ ಮನೆಗಳಿಗೆ ರೂಢಿಯಾದ ಸಂಗತಿ. ನಡುವೆ ನಿಂತ ಆ ಮನುಷ್ಯ ನಮ್ಮ ಮಾತನ್ನು ಒಯ್ಯುತ್ತಾನೆ, ಉತ್ತರವನ್ನು ತರುತ್ತಾನೆ. ಕಚೇರಿಯವರ ಕಣ್ಣಿಗೆ ಬೀಳುವುದು ಅವನ ಮುಖವೇ ಹೊರತು ನಮ್ಮದಲ್ಲ. ಪ್ರಾಕ್ಸಿ ಸರ್ವರ್ ಮಾಡುವುದೂ ಇದನ್ನೇ. ನಮ್ಮ ಬೇಡಿಕೆಯನ್ನು ಅದು ತನ್ನ ಹೆಸರಿನಲ್ಲಿ ಜಾಲತಾಣಕ್ಕೆ ಕಳುಹಿಸಿ, ಬಂದದ್ದನ್ನು ನಮಗೆ ದಾಟಿಸುತ್ತದೆ. ವೆಬ್ ಹುಟ್ಟಿದ ಸರ್ನ್ ಸಂಶೋಧನಾ ಕೇಂದ್ರದ ಸರ್ವರ್ ತಂತ್ರಾಂಶದಲ್ಲಿ ಈ ಏರ್ಪಾಡು ಬಹಳ ಬೇಗನೆ ಸೇರಿಕೊಂಡಿತು. ಅರಿ ಲುಓಟೊನೆನ್ ಮತ್ತು ಕೆವಿನ್ ಆಲ್ಟಿಸ್ ಎಂಬವರು 1994ರಲ್ಲಿ ಅದನ್ನು ಪ್ರಬಂಧವೊಂದರಲ್ಲಿ ವಿವರಿಸಿದರು. ಸಂಸ್ಥೆಗಳ ರಕ್ಷಣಾ ಗೋಡೆಯ ಒಳಗಿದ್ದವರಿಗೆ ಹೊರಗಿನ ವೆಬ್ಬನ್ನು ತಲುಪಿಸುವುದು, ಒಮ್ಮೆ ತಂದ ಪುಟದ ಪ್ರತಿಯನ್ನು ಇಟ್ಟುಕೊಂಡು ಮುಂದೆ ಕೇಳಿದವರಿಗೆ ಬೇಗನೆ ಕೊಡುವುದು ಅಂದಿನ ಮುಖ್ಯ ಉದ್ದೇಶಗಳಾಗಿದ್ದವು.

ಅಣ್ಣನ ಮಗಳ ಅಗತ್ಯ ಬೇರೆ. ಅಡಿಕೆಯ ಕೊಳೆರೋಗದ ಬಗ್ಗೆ ಸಂಶೋಧನೆ ಮಾಡುತ್ತಿರುವ ಅವಳಿಗೆ ದುಬಾರಿ ಚಂದಾ ಇರುವ ವಿಜ್ಞಾನ ಪತ್ರಿಕೆಗಳ ಲೇಖನಗಳು ಬೇಕು. ಚಂದಾ ಕಟ್ಟಿರುವುದು ಅವಳ ವಿಶ್ವವಿದ್ಯಾಲಯ. ಕೇಳುವವರು ಚಂದಾದಾರರೇ ಎಂಬುದನ್ನು ಪತ್ರಿಕೆಯ ಸರ್ವರ್ ಬಹುಮಟ್ಟಿಗೆ ಬೇಡಿಕೆ ಬಂದ ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ಆ ಸಂಪರ್ಕಕ್ಕಿರುವ ಅಂಕಿಗಳ ವಿಳಾಸವನ್ನು, ನೋಡಿ ತೀರ್ಮಾನಿಸುತ್ತದೆ. ನೀರ್ಚಾಲಿನ ಮನೆಯಿಂದ ಹೋದ ಬೇಡಿಕೆಗೆ ಇಂಟರ್ನೆಟ್ ಕಂಪನಿಯ ವಿಳಾಸವಿರುತ್ತದೆ, ಆದ್ದರಿಂದ ಬಾಗಿಲು ತೆರೆಯುವುದಿಲ್ಲ. ವಿಶ್ವವಿದ್ಯಾಲಯದ ಪ್ರಾಕ್ಸಿಯ ಮೂಲಕ ಹೋದರೆ ಅದೇ ಬೇಡಿಕೆ ವಿಶ್ವವಿದ್ಯಾಲಯದ ವಿಳಾಸದಿಂದ ಬಂದಂತಾಗುತ್ತದೆ.

ಈ ದೂರದ ಪ್ರಾಕ್ಸಿಯೊಡನೆ ವ್ಯವಹರಿಸಲು ನಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಸಣ್ಣ ತಂತ್ರಾಂಶವೇ ಪ್ರಾಕ್ಸಿ ಕ್ಲೈಂಟ್. ಅಂದರೆ ನಡುವೆ ಇರುವವರು ಒಬ್ಬರಲ್ಲ, ಇಬ್ಬರು: ಒಬ್ಬ ದೂರದಲ್ಲಿ, ಇನ್ನೊಬ್ಬ ನಮ್ಮ ಮನೆಯೊಳಗೇ. ಮನೆಯೊಳಗಿನವನ ವಿಳಾಸ ಸಾಮಾನ್ಯವಾಗಿ 127.0.0.1. ಜಗತ್ತಿನ ಯಾವುದೇ ಕಂಪ್ಯೂಟರಿನಲ್ಲಿ ಈ ಅಂಕಿಗಳಿಗೆ ‘ನಾನೇ’ ಎಂದು ಅರ್ಥ. ವಿಳಾಸದ ಜೊತೆಗೆ ಪೋರ್ಟ್ ಎಂಬ ಬಾಗಿಲಿನ ಸಂಖ್ಯೆಯೂ ಬೇಕು, ಅದು ಗರಿಷ್ಠ 65535ರವರೆಗೆ ಹೋಗುತ್ತದೆ. ಕ್ಲೈಂಟ್ ಶುರುವಾದೊಡನೆ, ಉದಾಹರಣೆಗೆ, 8080ನೆಯ ಬಾಗಿಲನ್ನು ತೆರೆದು ಕಾಯುತ್ತದೆ. ಬಳಿಕ ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ, ಹೊರಗೆ ಹೋಗುವ ಕಾಗದಗಳನ್ನೆಲ್ಲ 127.0.0.1ರ 8080ನೆಯ ಬಾಗಿಲಿಗೆ ಕೊಡಬೇಕೆಂದು ಬರೆದಿಡುತ್ತದೆ. ಅವಳ ಲ್ಯಾಪ್‌ಟಾಪಿನಲ್ಲಿ ಆದದ್ದಿಷ್ಟೇ. ಕ್ಲೈಂಟನ್ನು ಚಾಲನೆಯಲ್ಲಿರುವಾಗಲೇ ಹಠಾತ್ತನೆ ನಿಲ್ಲಿಸಿ ತೆಗೆದುಹಾಕಿದ್ದರಿಂದ ಬಾಗಿಲು ಮುಚ್ಚಿತು, ಆದರೆ ಬರೆದಿಟ್ಟ ಸೂಚನೆ ಅಳಿಯಲಿಲ್ಲ. ಆ ಸೂಚನೆ ಇರುವುದು ಕ್ಲೈಂಟಿನ ಕಡತಕೋಶದಲ್ಲಲ್ಲ, ವಿಂಡೋಸ್‌ನ ರಿಜಿಸ್ಟ್ರಿ ಎಂಬ ಸೆಟ್ಟಿಂಗುಗಳ ದಾಖಲೆಯಲ್ಲಿ ಆಯಾ ಬಳಕೆದಾರರ ಹೆಸರಿನಡಿಯಲ್ಲಿ. ಕ್ರೋಮ್ ಪ್ರತಿಯೊಂದು ಕಾಗದವನ್ನೂ ಮುಚ್ಚಿದ ಬಾಗಿಲಿಗೆ ಒಯ್ದು ಮರಳುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಅದರೊಳಗೆ ಪ್ರಾಕ್ಸಿ ಎಂಬ ಪುಟವನ್ನು ತೆರೆದು, ಪ್ರಾಕ್ಸಿ ಸರ್ವರ್ ಬಳಸು ಎಂಬ ಗುಂಡಿಯನ್ನು ಆಫ್ ಮಾಡಿದ ಮರುಕ್ಷಣವೇ ನೆಟ್ ಬಂತು. ಅದೇ ಪುಟದಲ್ಲಿ, ಪ್ರಾಕ್ಸಿಯ ಸೂಚನೆಯನ್ನು ಒಂದು ವಿಳಾಸದಿಂದ ತರಿಸಿಕೊಳ್ಳುವ ಸೆಟಪ್ ಸ್ಕ್ರಿಪ್ಟ್ ಎಂಬ ಇನ್ನೊಂದು ಗುಂಡಿಯಿದೆ. ಹಳೆಯ ವಿಳಾಸವೊಂದು ಅಲ್ಲಿ ಉಳಿದುಹೋಗಿದ್ದರೂ ಇಂಥದೇ ತೊಂದರೆ ಬರಬಹುದಾದ್ದರಿಂದ ಅದನ್ನೂ ನೋಡಿಬಿಡುವುದು ಒಳ್ಳೆಯದು.

ಮತ್ತೆ ಸರಿಯಾಗಿ ಅನುಸ್ಥಾಪಿಸಲು ಕುಳಿತೆವು. ವಿಶ್ವವಿದ್ಯಾಲಯದ ಗ್ರಂಥಾಲಯ ಸೂಚಿಸಿದ ಮೂಲದಿಂದಲೇ ಕಡತವನ್ನು ಇಳಿಸಿಕೊಂಡು, ಅದರ ಬೆರಳಚ್ಚನ್ನು ಪರೀಕ್ಷಿಸಿದೆವು. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಆದೇಶ ಯಾವುದೇ ಕಡತದಿಂದ ಶಾ-256 ಲೆಕ್ಕಾಚಾರದ ಮೂಲಕ 64 ಅಕ್ಷರ-ಅಂಕಿಗಳ ಒಂದು ಸಾಲನ್ನು ತೆಗೆಯುತ್ತದೆ. ಕಡತದ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ತಯಾರಕರು ಪ್ರಕಟಿಸಿದ ಸಾಲಿಗೆ ಅದು ಹೊಂದಿದರೆ ಕಡತವನ್ನು ನಡುದಾರಿಯಲ್ಲಿ ಯಾರೂ ತಿದ್ದಿಲ್ಲವೆಂದು ತಿಳಿಯಬಹುದು. ಅವಳು ಹಿಂದಿನ ಸಲ ಮಾಡಿದ್ದ ಒಂದು ತಪ್ಪೂ ಈಗ ಕಂಡಿತು: ಜಿಪ್ ಕಡತವನ್ನು ಬಿಚ್ಚದೆ ಅದರೊಳಗಿಂದಲೇ ತಂತ್ರಾಂಶವನ್ನು ಓಡಿಸಿದ್ದಳು. ಹಾಗೆ ಮಾಡಿದಾಗ ವಿಂಡೋಸ್ ಅದನ್ನು ತಾತ್ಕಾಲಿಕ ಜಾಗವೊಂದಕ್ಕೆ ಬಿಚ್ಚಿ ನಡೆಸುವುದರಿಂದ, ತುಂಬಿದ ವಿವರಗಳು ಮುಂದಿನ ಸಲಕ್ಕೆ ಉಳಿಯದೆ ಹೋಗುತ್ತವೆ. ‘ಇದನ್ನು ಹಾಕುವ ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸಲಹೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗ್ರಂಥಾಲಯ ಕೊಟ್ಟ ವಿವರಗಳು ಐದು: ಸರ್ವರಿನ ವಿಳಾಸ, ಪೋರ್ಟ್, ಬಗೆ, ಬಳಕೆದಾರರ ಹೆಸರು, ಗುಪ್ತಪದ. ಇವುಗಳಲ್ಲಿ ಜನ ಎಡವುವುದು ‘ಬಗೆ’ಯಲ್ಲಿ. ಎಚ್‌ಟಿಟಿಪಿ ಬಗೆಯ ಪ್ರಾಕ್ಸಿ ವೆಬ್‌ನ ಭಾಷೆಯನ್ನು ಅರಿತದ್ದು. 1996ರ ಮಾರ್ಚ್‌ನಲ್ಲಿ ಮಾನಕವಾಗಿ ಪ್ರಕಟವಾದ ಸಾಕ್ಸ್5 ಬಗೆಯದು ಕಾಗದದಲ್ಲಿ ಏನಿದೆಯೆಂದು ನೋಡದೆ ಬರಿಯ ಲಕೋಟೆಯನ್ನು ದಾಟಿಸುವಂಥದ್ದು. ಅದಕ್ಕೆ ರೂಢಿಯಲ್ಲಿರುವ ಬಾಗಿಲು 1080. ಅನೇಕ ಕ್ಲೈಂಟುಗಳು ನಮ್ಮ ಕಂಪ್ಯೂಟರಿನಲ್ಲಿ ಎರಡಕ್ಕೂ ಒಂದೊಂದು ಬಾಗಿಲನ್ನು ತೆರೆದಿಡುತ್ತವೆ. ವಿಂಡೋಸ್‌ನ ಪ್ರಾಕ್ಸಿ ಪುಟವಾದರೋ, ಅಲ್ಲಿ ಬರಿಯ ವಿಳಾಸವನ್ನೂ ಪೋರ್ಟನ್ನೂ ಬರೆದರೆ ಅದು ಎಚ್‌ಟಿಟಿಪಿ ಬಗೆಯದೆಂದೇ ಭಾವಿಸುತ್ತದೆ. ಸಾಕ್ಸ್‌ನ 1080ನ್ನು ಅಲ್ಲಿ ತುಂಬಿದರೆ, ಕ್ಲೈಂಟ್ ಚೆನ್ನಾಗಿಯೇ ನಡೆಯುತ್ತಿದ್ದರೂ, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದೆ ಎಲ್ಲವೂ ನಿಂತುಬಿಡುತ್ತದೆ. ಅವಳು ಕ್ಲೈಂಟನ್ನು ತೆಗೆದುಹಾಕಿದ್ದು ಈ ಗೊಂದಲದಿಂದಲೇ ಇರಬೇಕೆಂದು ನನ್ನ ಊಹೆ.

ದೋಷ ಹುಡುಕುವ ವಿಧಾನ ಒಂದೇ: ದಾರಿಯನ್ನು ತುಂಡು ತುಂಡಾಗಿ ನೋಡಿ, ಒಂದೊಂದು ತುಂಡನ್ನೂ ಬೇರೆಯಾಗಿ ವಿಚಾರಿಸುವುದು. ತೋಟಕ್ಕೆ ನೀರು ಬಾರದಿದ್ದರೆ ನಾವು ಪಂಪಿನಿಂದ ಹಿಡಿದು ಪೈಪಿನ ಪ್ರತಿ ಜೋಡಣೆಯನ್ನೂ ನೋಡುತ್ತ ಹೋಗುತ್ತೇವೆಯೇ ಹೊರತು ಪಂಪನ್ನು ಕಿತ್ತು ಮತ್ತೆ ಕೂರಿಸುವುದಿಲ್ಲವಷ್ಟೆ. ಮೊದಲು ಪ್ರಾಕ್ಸಿಯನ್ನು ಆಫ್ ಮಾಡಿ ನೇರ ಸಂಪರ್ಕ ಸರಿಯಿದೆಯೇ ಎಂದು ನೋಡಬೇಕು. ಆಮೇಲೆ ಮನೆಯೊಳಗಿನ ಬಾಗಿಲು ನಿಜವಾಗಿ ತೆರೆದಿದೆಯೇ ಎಂದು ನೋಡಬೇಕು. ಗಡಿಯಾರದ ಪಕ್ಕ ಕ್ಲೈಂಟಿನ ಚಿಹ್ನೆ ಕಂಡಮಾತ್ರಕ್ಕೆ ಅದು ಖಾತರಿಯಾಗುವುದಿಲ್ಲ. ಆದೇಶಗಳನ್ನು ಬರೆಯುವ ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿ ನೆಟ್‌ಸ್ಟಾಟ್ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆಯ ಜೊತೆಗೆ ಎ, ಎನ್, ಒ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ ಒತ್ತಿದರೆ, ಯಾವ ಬಾಗಿಲಲ್ಲಿ ಯಾರು ಕಾಯುತ್ತಿದ್ದಾರೆ ಎಂಬ ಪಟ್ಟಿ ಬರುತ್ತದೆ. 8080ರ ಎದುರು ‘ಲಿಸನಿಂಗ್’ ಎಂದಿರಬೇಕು. ಸಾಲಿನ ಕೊನೆಯ ಸಂಖ್ಯೆಯನ್ನು ಟಾಸ್ಕ್ ಮ್ಯಾನೇಜರಿನಲ್ಲಿ ಹುಡುಕಿದರೆ ಆ ಬಾಗಿಲಲ್ಲಿ ಕುಳಿತಿರುವ ತಂತ್ರಾಂಶದ ಹೆಸರು ಸಿಗುತ್ತದೆ. ಅಲ್ಲಿ ನಮ್ಮ ಕ್ಲೈಂಟಿನ ಬದಲು ಬೇರೊಂದು ತಂತ್ರಾಂಶ ಮೊದಲೇ ಬಂದು ಕುಳಿತಿದ್ದರೆ ಕ್ಲೈಂಟಿನ ಬಾಗಿಲ ಸಂಖ್ಯೆಯನ್ನು ಬದಲಿಸಿದರೆ ಸಾಕು.

ಮೂರನೆಯ ತುಂಡು ಕ್ಲೈಂಟಿನಿಂದ ದೂರದ ಸರ್ವರಿನವರೆಗಿನದು. ಇಲ್ಲಿ ಬಹಳ ಜನ ಪಿಂಗ್ ಮಾಡಿ, ಅಂದರೆ ಸರ್ವರಿಗೆ ಸಣ್ಣ ಸಂದೇಶ ಕಳುಹಿಸಿ ಉತ್ತರ ಬರುತ್ತದೆಯೇ ಎಂದು ನೋಡಿ, ಮೋಸಹೋಗುತ್ತಾರೆ. ಪಿಂಗ್ ಬಳಸುವ ಸಂದೇಶಗಳು ಪ್ರಾಕ್ಸಿಯ ಸೆಟ್ಟಿಂಗನ್ನು ಲೆಕ್ಕಿಸುವುದೇ ಇಲ್ಲ, ಅವು ನೇರವಾಗಿ ಹೋಗುತ್ತವೆ. ಪಿಂಗ್ ಯಶಸ್ವಿಯಾದರೆ ಪ್ರಾಕ್ಸಿ ಸರಿಯಿದೆ ಎಂದಾಗಲಿ, ಸೋತರೆ ಕೆಟ್ಟಿದೆ ಎಂದಾಗಲಿ ಅರ್ಥವಿಲ್ಲ. ಇದಕ್ಕೆ ಸರಿಯಾದ ಸಾಧನ ಜಾಲಪುಟವನ್ನು ತರಿಸುವ ಕರ್ಲ್ ಎಂಬ ಆದೇಶ. 2018ರಲ್ಲಿ ಬಂದ ವಿಂಡೋಸ್ 10ರ 1803ನೆಯ ಆವೃತ್ತಿಯಿಂದ ಅದು ವಿಂಡೋಸ್ ಜೊತೆಗೇ ಬರುತ್ತಿದೆ. ಯಾವ ಪ್ರಾಕ್ಸಿಯ ಮೂಲಕ ಹೋಗಬೇಕೆಂದು ಅದಕ್ಕೆ ಬಾಯಿಬಿಟ್ಟು ಹೇಳಬಹುದು. ಒಂದು ಸೂಕ್ಷ್ಮವನ್ನು ಮಾತ್ರ ಗಮನಿಸಬೇಕು. ಪ್ರಾಕ್ಸಿಯ ಬಗೆಯನ್ನು ಸಾಕ್ಸ್5 ಎಂದು ಬರೆದರೆ ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸುವ ಕೆಲಸ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಕೊನೆಗೆ ಒಂದು ‘ಎಚ್’ ಸೇರಿಸಿ ಸಾಕ್ಸ್5ಎಚ್ ಎಂದರೆ ಆ ಕೆಲಸವನ್ನು ದೂರದ ಪ್ರಾಕ್ಸಿಯೇ ಮಾಡುತ್ತದೆ. ವಿಶ್ವವಿದ್ಯಾಲಯದ ಒಳಗಷ್ಟೇ ಗೊತ್ತಿರುವ ಹೆಸರುಗಳು ಮೊದಲ ಬಗೆಯಲ್ಲಿ ಸಿಗುವುದಿಲ್ಲ, ಎರಡನೆಯದರಲ್ಲಿ ಸಿಗುತ್ತವೆ. ಅವಳ ಲ್ಯಾಪ್‌ಟಾಪಿನಲ್ಲಿ ಈ ಒಂದಕ್ಷರವನ್ನು ಸೇರಿಸಿ ತೆಗೆದು ನೋಡಿದಾಗ ಕಂಡ ವ್ಯತ್ಯಾಸ, ನಾನು ಅರ್ಧ ಗಂಟೆ ವಿವರಿಸಿದ್ದಕ್ಕಿಂತ ಹೆಚ್ಚನ್ನು ಅವಳಿಗೆ ಕಲಿಸಿತು. ಕರ್ಲ್ 407 ಎಂಬ ಉತ್ತರ ತಂದರೆ ಪ್ರಾಕ್ಸಿ ನಮ್ಮ ಗುರುತನ್ನು ಕೇಳುತ್ತಿದೆ ಎಂದರ್ಥ, ಗುಪ್ತಪದವನ್ನು ತಿದ್ದಬೇಕು. 502 ಅಥವಾ 504 ಬಂದರೆ ನಮ್ಮ ಮನೆಯವರೆಗಿನ ದಾರಿ ಸರಿಯಿದೆ, ತೊಡಕು ಅದರಾಚೆಗಿದೆ.

ಬ್ರೌಸರಿನಲ್ಲಿ ಎಲ್ಲವೂ ಬಂದು ಬೇರೆ ತಂತ್ರಾಂಶದಲ್ಲಿ ಬಾರದಿರುವುದುಂಟು. ವಿಂಡೋಸ್‌ನಲ್ಲಿ ಪ್ರಾಕ್ಸಿಯ ಸೂಚನೆ ಬರೆದಿಡುವ ಪುಸ್ತಕ ಒಂದೇ ಅಲ್ಲ ಎಂಬುದು ಇದಕ್ಕೆ ಕಾರಣ. ಸೆಟ್ಟಿಂಗ್ಸ್ ಪುಟದಲ್ಲಿ ನಾವು ತಿದ್ದುವುದು ವಿನ್‌ಇನೆಟ್ ಎಂಬ ಭಾಗದ ಪುಸ್ತಕವನ್ನು. ಹಿನ್ನೆಲೆಯಲ್ಲಿ ನಡೆಯುವ ಅನೇಕ ಸೇವೆಗಳು ವಿನ್‌ಎಚ್‌ಟಿಟಿಪಿ ಎಂಬ ಬೇರೆಯೇ ಪುಸ್ತಕವನ್ನು ನೋಡುತ್ತವೆ. ನೆಟ್‌ಶ್ ಎಂಬ ಆದೇಶದಿಂದ ಅದನ್ನು ಓದಬಹುದು, ಬೇಕಾದರೆ ಅಳಿಸಲೂಬಹುದು. ಫೈರ್‌ಫಾಕ್ಸ್‌ಗೆ ತನ್ನದೇ ಪುಟವಿದೆ. ಮೈಕ್ರೋಸಾಫ್ಟ್ ಸ್ಟೋರಿನ ಕೆಲವು ಆ್ಯಪ್‌ಗಳಿಗೆ ಸುರಕ್ಷತೆಯ ದೃಷ್ಟಿಯಿಂದ 127.0.0.1ನ್ನು ಮುಟ್ಟಲು ಅನುಮತಿಯೇ ಇರುವುದಿಲ್ಲ.

ಮನೆಯ ರೂಟರಿನ 192.168.1.1 ಪುಟ ತೆರೆಯುವುದಿಲ್ಲವೆಂಬ ದೂರೂ ಸಾಮಾನ್ಯ. ಆ ವಿಳಾಸ ನಮ್ಮ ಮನೆಯೊಳಗಷ್ಟೇ ಅರ್ಥವುಳ್ಳದ್ದು, ದೂರದ ಪ್ರಾಕ್ಸಿಗೆ ಅದನ್ನು ಕೊಟ್ಟರೆ ಅದು ತನ್ನ ಅಂಗಳದಲ್ಲೇ ಹುಡುಕುತ್ತದೆ. ಸ್ಥಳೀಯ ವಿಳಾಸಗಳಿಗೆ ಪ್ರಾಕ್ಸಿ ಬೇಡ ಎಂಬ ಚೌಕಕ್ಕೆ ಗುರುತು ಹಾಕಿದರೆ ಸಾಲದು, ಏಕೆಂದರೆ ಅದು ಚುಕ್ಕಿಯಿಲ್ಲದ ಹೆಸರುಗಳಿಗೆ ಮಾತ್ರ ಅನ್ವಯಿಸುತ್ತದೆ. ವಿನಾಯಿತಿಯ ಪೆಟ್ಟಿಗೆಯಲ್ಲಿ 192.168.* ಎಂದು ಬರೆಯಬೇಕು.

ನಮ್ಮ ಊರಿಗೆ ಒಗ್ಗಿದ ಇನ್ನೊಂದು ಕಾರಣವನ್ನು ಕುಂಬಳೆಯ ಗೆಳೆಯನ ಮನೆಯಲ್ಲಿ ಕಂಡೆ. ತುಲಾ ಮಾಸದ ಗುಡುಗು ಮಿಂಚಿಗೆ ಹೆದರಿ ನಾವೆಲ್ಲ ಸಂಜೆಯಾದೊಡನೆ ಪ್ಲಗ್ಗುಗಳನ್ನು ಕಿತ್ತಿಡುವವರು. ಅವನ ಹಳೆಯ ಕಂಪ್ಯೂಟರನ್ನು ಹಾಗೆ ಕಿತ್ತಿಟ್ಟು ಬೆಳಗ್ಗೆ ಹಾಕಿದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತಿತ್ತು. ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಜಾಲತಾಣ ಅಸಲಿಯೆಂದು ಸಾರುವ, ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುವುದರಿಂದ, ತಾರೀಕು ತಪ್ಪಿದ ಕಂಪ್ಯೂಟರಿಗೆ ಸರಿಯಾದ ಪ್ರಮಾಣಪತ್ರವೂ ಸುಳ್ಳಾಗಿ ಕಾಣುತ್ತದೆ. ಅವನ ಮಗ ಪ್ರಾಕ್ಸಿ ಕ್ಲೈಂಟನ್ನು ಮೂರು ಸಲ ತೆಗೆದು ಹಾಕಿದ್ದ. ಬೇಕಾಗಿದ್ದದ್ದು ಸಿಆರ್2032 ಎಂಬ ಒಂದು ಬ್ಯಾಟರಿ. ಅದರ ಹೆಸರಿನಲ್ಲೇ 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ ಎಂಬ ಅಳತೆ ಅಡಗಿದೆ.

ನಡುವೆ ನಿಂತವನಿಗೆ ನಮ್ಮ ಬಗ್ಗೆ ಏನೆಲ್ಲ ಗೊತ್ತಾಗುತ್ತದೆ ಎಂಬುದನ್ನು ಹೇಳದೆ ಇರುವುದು ತಪ್ಪಾದೀತು. ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಸಂಪರ್ಕ ಇಲ್ಲದ ತಾಣಗಳಲ್ಲಿ ನಾವು ಬರೆದದ್ದು, ಓದಿದ್ದು ಎಲ್ಲವೂ ಪ್ರಾಕ್ಸಿಗೆ ಕಾಣುತ್ತದೆ. ಎಚ್‌ಟಿಟಿಪಿಎಸ್ ಇದ್ದರೆ ಅದಕ್ಕೆ ಸಿಗುವುದು ಅಂಟಿಸಿದ ಲಕೋಟೆ: ಯಾವ ತಾಣಕ್ಕೆ, ಯಾವಾಗ, ಎಷ್ಟು ಎಂಬುದು ತಿಳಿಯುತ್ತದೆ, ಒಳಗಿನ ಬರಹ ತಿಳಿಯುವುದಿಲ್ಲ. ಆದರೆ ಯಾವುದಾದರೂ ಕ್ಲೈಂಟ್ ಬೇರೆ ಪ್ರಮಾಣಪತ್ರಗಳನ್ನು ನಂಬಿಸುವ ತನ್ನ ಮೂಲ ಪ್ರಮಾಣಪತ್ರವನ್ನು ವಿಂಡೋಸ್‌ನಲ್ಲಿ ಸೇರಿಸಲು ಅನುಮತಿ ಕೇಳಿ ನಾವು ಒಪ್ಪಿದೆವೆಂದರೆ, ಲಕೋಟೆಯನ್ನು ಒಡೆದು ಓದಿ ಮತ್ತೆ ಅಂಟಿಸುವ ಅಧಿಕಾರವನ್ನೇ ಕೊಟ್ಟಂತೆ. ಕೆಲವು ಸಂಸ್ಥೆಗಳು ತಮ್ಮದೇ ಕಂಪ್ಯೂಟರುಗಳಲ್ಲಿ ಇದನ್ನು ತಿಳಿದೇ ಮಾಡುತ್ತವೆ. ಗುರುತು ಪರಿಚಯವಿಲ್ಲದ, ಪುಕ್ಕಟೆ ಸಿಗುವ ಪ್ರಾಕ್ಸಿ ಅದನ್ನು ಕೇಳಿದರೆ ಖಂಡಿತ ಒಪ್ಪಬಾರದು. ಅಂಥದರ ಮೂಲಕ ಬ್ಯಾಂಕಿನ ಕೆಲಸ ಮಾಡುವುದನ್ನು ನಾನು ಯಾರಿಗೂ ಹೇಳಲಾರೆ.

ಆ ರಾತ್ರಿ ಊಟದ ಹೊತ್ತಿಗೆ ಅವಳಿಗೆ ಬೇಕಾಗಿದ್ದ ಲೇಖನ ತೆರೆದುಕೊಂಡಿತು. ಕೆಲಸ ಮುಗಿದ ಮೇಲೆ ಕ್ಲೈಂಟಿನ ಕಿಟಕಿಯನ್ನು ಮುಚ್ಚದೆ, ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ‘ಎಕ್ಸಿಟ್’ ಕೊಟ್ಟಳು. ಹಾಗೆ ಕೊಟ್ಟಾಗ ಮಾತ್ರ ಅವಳ ಕ್ಲೈಂಟ್ ತಾನು ಬರೆದಿಟ್ಟ ಸೂಚನೆಯನ್ನು ತಾನೇ ಅಳಿಸಿ ಹೋಗುತ್ತದೆ. ಬಳಿಕ ಪ್ರಾಕ್ಸಿಯ ಪುಟವನ್ನು ತೆರೆದು, ಗುಂಡಿ ಆರಿರುವುದನ್ನು ನೋಡಿ, ಲ್ಯಾಪ್‌ಟಾಪನ್ನು ಮುಚ್ಚಿದಳು.