ಎತ್ತಿನಹೊಳೆಗೆ ಪರಿಸರ ಅನುಮತಿ ಬೇಡವಾಗಿದ್ದು ಹೇಗೆ?

ಓದುಗರ ಪ್ರಶ್ನೆ: ಊರಲ್ಲಿ ಒಂದು ಕಲ್ಲುಕ್ವಾರಿ ಶುರು ಮಾಡೋಕೂ ಪರಿಸರ ಅನುಮತಿ ಕೇಳ್ತಾರೆ. ಪಶ್ಚಿಮಘಟ್ಟದ ಹೊಳೆಗಳನ್ನೇ ತಿರುಗಿಸುವ ಎತ್ತಿನಹೊಳೆ ಯೋಜನೆಗೆ ಅದು ಬೇಕಾಗಲಿಲ್ಲ ಅಂತಾರೆ. ಇದು ನಿಜವೇ? ಹಾಗಿದ್ದರೆ ಗುತ್ತಿಗೆ ಕೊಟ್ಟಿದ್ದು ಹೇಗೆ?

ಉತ್ತರ: ನಿಜ. ಯಾವ ಕಾಮಗಾರಿಗೆ ಪರಿಸರ ಅನುಮತಿ ಬೇಕು ಅನ್ನುವುದಕ್ಕೆ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಲ್ಲಿ ಒಂದು ಪಟ್ಟಿ ಇದೆ. ನದಿ ಯೋಜನೆಗಳ ವಿಷಯದಲ್ಲಿ ಆ ಪಟ್ಟಿ ಕೇಳುವುದು ಎರಡೇ ಮಾತು. ಎಷ್ಟು ಮೆಗಾವಾಟ್ ವಿದ್ಯುತ್ ತೆಗೆಯುತ್ತೀರಿ? ಎಷ್ಟು ಹೆಕ್ಟೇರ್ ಅಚ್ಚುಕಟ್ಟಿಗೆ ನೀರು ಹಾಯಿಸುತ್ತೀರಿ? ಕುಡಿಯುವ ನೀರಿನ ಯೋಜನೆ ಆ ಪಟ್ಟಿಯಲ್ಲೇ ಇಲ್ಲ. ಎತ್ತಿನಹೊಳೆಯನ್ನು ಕುಡಿಯುವ ನೀರಿನ ಯೋಜನೆ ಅಂತ ಮುಂದಿಟ್ಟರು. ಅಲ್ಲಿಗೆ ಪರಿಸರ ಪರಿಣಾಮದ ಅಧ್ಯಯನವೂ ಬೇಡ, ಸಾರ್ವಜನಿಕ ಅಹವಾಲು ಸಭೆಯೂ ಬೇಡ ಅಂತಾಯಿತು.

ಆದರೆ ಎಲ್ಲವೂ ಕುಡಿಯುವ ನೀರೇ? ನೇತ್ರಾವತಿಗೆ ಸೇರುವ, ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ 8 ಕಡೆ ಒಡ್ಡು ಕಟ್ಟಿ ಮಳೆಗಾಲದಲ್ಲಿ 24.01 ಟಿಎಂಸಿ ನೀರು ಎತ್ತಿ ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆ ಜಿಲ್ಲೆಗಳಿಗೆ ಒಯ್ಯಬೇಕು ಅನ್ನುವುದು ಯೋಜನೆ. ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯೋಕೆ. ಉಳಿದ ಹತ್ತಿರ ಹತ್ತಿರ 10 ಟಿಎಂಸಿ, 527 ಕೆರೆ ತುಂಬಿಸೋಕೆ. ಕೆರೆ ತುಂಬಿದರೆ ಅಂತರ್ಜಲ ಏರುತ್ತೆ, ಕೊಳವೆಬಾವಿಯಲ್ಲಿ ನೀರು ಬರುತ್ತೆ, ತೋಟಕ್ಕೂ ಹೋಗುತ್ತೆ. ಅದು ಒಳ್ಳೆಯದೇ. ಆದರೆ ಅದನ್ನೂ ಕುಡಿಯುವ ನೀರಿನ ಲೆಕ್ಕಕ್ಕೆ ಸೇರಿಸಿದ್ದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ಯೋಜನೆ ವಿರೋಧಿಸಿದವರು ಹಸಿರು ನ್ಯಾಯಮಂಡಳಿಗೂ ಹೋದರು. 2019ರಲ್ಲಿ ಅರ್ಜಿಗಳು ವಜಾ ಆದವು.

ಕೋರ್ಟಿನಲ್ಲಿ ಏನೇ ಆಗಲಿ, ಅಧ್ಯಯನ ಆಗಿದ್ದರೆ ಮೊದಲು ಬರಬೇಕಿದ್ದ ಪ್ರಶ್ನೆ ಹಾಗೇ ಉಳಿದಿದೆ: ಅಷ್ಟು ನೀರು ಅಲ್ಲಿದೆಯೇ?

ನೀವೇ ಲೆಕ್ಕ ಹಾಕಿ ನೋಡಿ. ಈ ಹೊಳೆಗಳಿಗೆ ನೀರು ಕೊಡುವ ಜಲಾನಯನ ಪ್ರದೇಶ ಸುಮಾರು 180 ಚದರ ಕಿಲೋಮೀಟರ್. ಒಂದು ಟಿಎಂಸಿ ಅಂದರೆ ಸುಮಾರು 2.83 ಕೋಟಿ ಘನ ಮೀಟರ್. 24 ಟಿಎಂಸಿ ನೀರನ್ನು ಆ 180 ಚದರ ಕಿಲೋಮೀಟರ್ ಮೇಲೆ ಹರಡಿದರೆ 3,700 ಮಿಲಿಮೀಟರಿಗಿಂತ ಜಾಸ್ತಿ ಎತ್ತರ ನಿಲ್ಲುತ್ತೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆಯೇ 3,000ದಿಂದ 4,500 ಮಿಲಿಮೀಟರ್. ಅಂದರೆ ಬಿದ್ದ ಮಳೆಯೆಲ್ಲ ಹೆಚ್ಚುಕಮ್ಮಿ ಹಾಗೇ ಪೈಪಿಗೆ ಬರಬೇಕು. ಶೋಲಾ ಕಾಡು ಹೀರಿದ್ದು, ಮಣ್ಣಿಗೆ ಇಳಿದಿದ್ದು, ಆವಿಯಾಗಿದ್ದು, ಕಾಫಿ-ಏಲಕ್ಕಿ ತೋಟಕ್ಕೆ ಹೋಗಿದ್ದು ಎಲ್ಲ ಕಳೆದರೆ ಎಷ್ಟು ಉಳಿದೀತು? ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 2015ರಲ್ಲಿ ಕೊಟ್ಟ ಲೆಕ್ಕ 9.55 ಟಿಎಂಸಿ. ಅದರಲ್ಲೇ ಅಲ್ಲಿನ ಜನ, ಬೆಳೆ, ಮೀನು, ಕೆಳಗಿನ ಹೊಳೆ ಎಲ್ಲಕ್ಕೂ ಪಾಲು ಬೇಕು. ಸರ್ಕಾರದ ಎಂಜಿನಿಯರ್‌ಗಳು ತಮ್ಮ ಲೆಕ್ಕವೇ ಸರಿ ಅನ್ನುತ್ತಾರೆ. ಇರಬಹುದು. ಎರಡೂ ಲೆಕ್ಕವನ್ನು ಜನರ ಮುಂದೆ ಒಂದೇ ಮೇಜಿನ ಮೇಲೆ ಇಡಬೇಕಿತ್ತು ಅಲ್ವಾ?

ಅಹವಾಲು ಸಭೆ ಇರುವುದೇ ಅದಕ್ಕೆ. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಓದೋಕೆ ಕನಿಷ್ಠ 30 ದಿನ ಕೊಡಬೇಕು. ಜಿಲ್ಲಾಧಿಕಾರಿ ಎದುರು ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು, ಕೇಳಿದ್ದೆಲ್ಲ ದಾಖಲಾಗಬೇಕು. ಆ ಸಭೆ ಆಗಲೇ ಇಲ್ಲ. ಅದರ ಬದಲು 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿ ಕೇಳಿ ಕೋಲಾರ, ಚಿಕ್ಕಬಳ್ಳಾಪುರದ ರೈತರು ಟ್ರ್ಯಾಕ್ಟರ್‌ನಲ್ಲಿ ಬೆಂಗಳೂರಿಗೆ ಹೊರಟರು. ಮೇ ತಿಂಗಳಲ್ಲಿ ಎತ್ತಿನಹೊಳೆ ಬೇಡ ಅಂತ ದಕ್ಷಿಣ ಕನ್ನಡ ಬಂದ್ ಆಯಿತು. ಇಬ್ಬರದೂ ನಿಜವಾದ ಸಂಕಟ. ಆ ಕಡೆ ಪಾತಾಳದಿಂದ ಫ್ಲೋರೈಡ್ ನೀರು ಎತ್ತಿ ಕುಡಿಯುವ ಹಳ್ಳಿಗಳು. ಈ ಕಡೆ ನೇತ್ರಾವತಿಯ ತುಂಬೆ ಅಣೆಕಟ್ಟೆಯ ನೀರನ್ನೇ ನಂಬಿದ ಮಂಗಳೂರು. 2019ರ ಮೇನಲ್ಲಿ ನೇತ್ರಾವತಿ ಬತ್ತಿ, ಪ್ರವಾಸ ಸ್ವಲ್ಪ ಮುಂದೂಡಿ ಅಂತ ಧರ್ಮಸ್ಥಳದವರೇ ಭಕ್ತರನ್ನು ಕೇಳಿಕೊಂಡಿದ್ದರು. ಮಳೆಗಾಲದಲ್ಲಿ ಎತ್ತಿದ ನೀರಿಗೂ ಬೇಸಿಗೆಯ ಬರಕ್ಕೂ ಎಷ್ಟು ಸಂಬಂಧ? ಸರಿಯಾದ ಅಧ್ಯಯನ ಆಗಿದ್ದರೆ ಅದಕ್ಕೂ ಉತ್ತರ ಸಿಗುತ್ತಿತ್ತು.

ಇನ್ನು ಗುತ್ತಿಗೆಯ ಮಾತು. ಶಂಕುಸ್ಥಾಪನೆ ಆಗಿದ್ದು 2014ರ ಮಾರ್ಚ್‌ನಲ್ಲಿ. ಆಗ ಸಕಲೇಶಪುರದ ಸುಮಾರು 14 ಹೆಕ್ಟೇರ್ ಕಾಡಿಗೆ ಅಂತಿಮ ಅರಣ್ಯ ಅನುಮತಿಯೂ ಬಂದಿರಲಿಲ್ಲ. ಪರಿಸರ ಅನುಮತಿ ಬೇರೆ, ಅರಣ್ಯ ಅನುಮತಿ ಬೇರೆ. ಎರಡನೆಯದಕ್ಕೆ ವಿನಾಯಿತಿ ಇಲ್ಲ. ಟೆಂಡರ್ ಆದಮೇಲೆ ಪೈಪಿನ ಗಾತ್ರ, ಪಂಪಿನ ಸಾಮರ್ಥ್ಯ, ಕಾಲುವೆಯ ಅಗಲ ಎಲ್ಲ 24 ಟಿಎಂಸಿ ಲೆಕ್ಕದ ಮೇಲೇ ನಿಂತುಬಿಡುತ್ತೆ. ಆಮೇಲೆ ನೀರು ಕಮ್ಮಿ ಅಂತ ಗೊತ್ತಾದರೂ ಹಿಂದೆ ಹೋಗೋದು ಕಷ್ಟ. 2012ರಲ್ಲಿ 8,323 ಕೋಟಿ ಇದ್ದ ಅಂದಾಜು 2014ಕ್ಕೆ 12,912 ಕೋಟಿ ಆಯಿತು, 2023ಕ್ಕೆ 23,251 ಕೋಟಿ ದಾಟಿತು.

2024ರ ಗೌರಿ ಹಬ್ಬದ ದಿನ ಮೊದಲ ಹಂತ ಉದ್ಘಾಟನೆಯಾಯಿತು. ಕಾಲುವೆಗೆ ಹಾಸನ, ತುಮಕೂರು ಜಿಲ್ಲೆಗಳಲ್ಲಿ ಇನ್ನೂ 100 ಹೆಕ್ಟೇರಿಗೂ ಹೆಚ್ಚು ಅರಣ್ಯ ಜಮೀನು ಬೇಕಿತ್ತು. ಅನುಮತಿಗೆ ಮೊದಲೇ ಕೆಲಸ ನಡೆದಿದೆ ಅನ್ನುವ ಆಕ್ಷೇಪ ಎದ್ದು, 2025ರಲ್ಲಿ ಕೇಂದ್ರದ ಅರಣ್ಯ ಸಲಹಾ ಸಮಿತಿ ಆ ಪ್ರಸ್ತಾವವನ್ನು ಮುಂದಕ್ಕೆ ಹಾಕಿತು.

ಹಾಗಾದರೆ ಈಗ ಏನು ಮಾಡಬಹುದು? ಅರಣ್ಯ ಅನುಮತಿಯ ಕಡತಗಳು ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ನೋಡೋಕೆ ಸಿಗುತ್ತವೆ. ಕಾಮಗಾರಿ ವಿಶ್ವೇಶ್ವರಯ್ಯ ಜಲ ನಿಗಮದ್ದು. ಮಾಹಿತಿ ಹಕ್ಕಿನಲ್ಲಿ ಅಲ್ಲಿಗೆ ಅರ್ಜಿ ಹಾಕಿ. 8 ಒಡ್ಡುಗಳಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಕ್ಕೆ ಎಷ್ಟು ನೀರು ಬಂತು, ಎಷ್ಟು ಎತ್ತಿದರು, ಹೊಳೆಗೆ ಎಷ್ಟು ಬಿಟ್ಟರು, ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿ.