ನಕ್ಷೆಯ ಎಡಮೂಲೆ ಓದಿದ್ದೀರಾ?

ಹಳೆಯ ಟೋಪೋ ನಕ್ಷೆ, ಅಂದರೆ ನೆಲದ ಏರುತಗ್ಗು, ನೀರು, ರಸ್ತೆ ತೋರಿಸುವ ನಕ್ಷೆ, ಕೈಗೆ ಬಂದರೆ ನಾನು ಮೊದಲು ಹುಡುಕುವುದು ನೀರನ್ನ. ಅದರಲ್ಲೂ ಅಮೆರಿಕದ ಆರೆಗಾನ್ ರಾಜ್ಯದ ಹಾರ್ನಿ ಕೌಂಟಿಯ ಹಾಳೆಯಾದರೆ ಬೆಟ್ಟಗಿಟ್ಟ ಎಲ್ಲ ಆಮೇಲೆ. ಸುಮಾರು 10,000 ಚದರ ಮೈಲಿ ನೆಲ, ಜನ 8,000ವೂ ಇಲ್ಲ. ಬಯಲೇ 4,000 ಅಡಿ ಎತ್ತರದಲ್ಲಿದೆ. ಸ್ಟೀನ್ಸ್ ಬೆಟ್ಟ 9,700 ಅಡಿ ದಾಟುತ್ತದೆ. ಪಶ್ಚಿಮದಿಂದ ಬರುವ ಮೋಡವನ್ನು ಅದೇ ಹಿಂಡಿಕೊಳ್ಳುತ್ತದೆ. ಆಚೆ ಬದಿಯ ಆಲ್ವರ್ಡ್ ಮರುಭೂಮಿಗೆ ಸಿಗುವುದು ಅಷ್ಟಕ್ಕಷ್ಟೇ.

ದನ ಸಾಕುವ ಸೀಮೆ ಇದು. ಹಾಗಾಗಿ ಹಾಳೆಯ ಮೇಲೆ ಒರತೆ, ಬಾವಿ, ವಿಂಡ್‌ಮಿಲ್, ನೀರಿನ ತೊಟ್ಟಿ, ದನದ ದೊಡ್ಡಿ, ಎಲ್ಲವನ್ನೂ ಗುರುತಿಸಿರುತ್ತಾರೆ. ನೀಲಿ ಗೆರೆ ಕಂಡಲ್ಲೆಲ್ಲ ನೀರಿದೆ ಅಂದುಕೊಳ್ಳಬೇಡಿ. ಗೆರೆ ತುಂಡುತುಂಡಾಗಿದ್ದರೆ ಆ ಹಳ್ಳ ವರ್ಷವಿಡೀ ಹರಿಯುವುದಿಲ್ಲ. ಕೆರೆಯೊಳಗೆ ನೀಲಿ ಓರೆಗೆರೆಗಳಿದ್ದರೆ ಅದೂ ಕೆಲಕಾಲದ ನೀರು. ಕಂದು ಚುಕ್ಕಿಗಳಿದ್ದರೆ ಒಣಗಿದ ತಳ, ಅಷ್ಟೇ.

ಸ್ಕೇಲೂ ಆಟ ಆಡಿಸುತ್ತದೆ. 1:2,50,000 ಹಾಳೆಯಲ್ಲಿ ಒಂದು ಇಂಚಿಗೆ ಹತ್ತಿರತ್ತಿರ 4 ಮೈಲಿ. ಒಂಟಿ ಬಾವಿ ಅಲ್ಲಿ ಕಾಣದಿದ್ದರೆ ಅದು ಇರಲೇ ಇಲ್ಲ ಅಂತಲ್ಲ. 1:24,000 ಹಾಳೆಯಲ್ಲಿ ಇಂಚಿಗೆ 2,000 ಅಡಿ. ಹುಡುಕಾಟಕ್ಕೆ ಇದೇ ಸರಿ. ಅಮೆರಿಕದ ಭೂಸರ್ವೇಕ್ಷಣೆ ಇಲಾಖೆ 1884ರಿಂದೀಚಿನ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆ ಕೊಡುತ್ತಿದೆ, ಇಳಿಸಿಕೊಳ್ಳಿ.

ಈಗ ಮೂಲೆಗಳಿಗೆ ಬರೋಣ. ಹೊಸ ಸರಣಿಯ ಹಾಳೆಗಳಲ್ಲಿ ಕೆಳಗಿನ ಬಲಮೂಲೆಯಲ್ಲಿ ಹಾಳೆಯ ಹೆಸರು, ಇಸವಿ ಇರುತ್ತದೆ. ಎಲ್ಲರೂ ಅದನ್ನೇ ಬರೆದುಕೊಳ್ಳುತ್ತಾರೆ. ಅಸಲು ಸಂಗತಿ ಎಡಮೂಲೆಯ ಸಣ್ಣಕ್ಷರದಲ್ಲಿದೆ: ವಿಮಾನದಿಂದ ಫೋಟೋ ತೆಗೆದದ್ದು ಯಾವಾಗ, ನೆಲಕ್ಕೆ ಹೋಗಿ ತಾಳೆ ನೋಡಿದ್ದು ಯಾವಾಗ. ನೇರಳೆ ಬಣ್ಣ ಕಂಡರೆ ಅದು ಆಮೇಲೆ ಸೇರಿಸಿದ್ದು. ಫೋಟೋ ನೋಡಿ ಗೀಚಿದ್ದು, ಸ್ಥಳದಲ್ಲಿ ಪರಿಶೀಲಿಸಿಲ್ಲ ಅಂತ ಹಾಳೆಯೇ ಒಪ್ಪಿಕೊಂಡಿರುತ್ತದೆ. ನನಗಂತೂ ನೇರಳೆ ರಸ್ತೆಗಿಂತ ಕಪ್ಪು ರಸ್ತೆಯ ಮೇಲೇ ನಂಬಿಕೆ ಜಾಸ್ತಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಹಾಳೆಯೊಂದನ್ನು ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸಿದ್ದೆ. ಹಳ್ಳದ ದಂಡೆಯಲ್ಲಿರಬೇಕಾದ ಬಾವಿ ಗುಡ್ಡದ ಇಳಿಜಾರು ಹತ್ತಿ ಕೂತಿತ್ತು. ಹಳೇ ಸರ್ವೆಯವರದೇ ತಪ್ಪು ಅಂತ ರಿಪೋರ್ಟೂ ಬರೆದೆ. ಅಸಲಿಗೆ ಆ ಹಾಳೆಯ ಅಕ್ಷಾಂಶ, ರೇಖಾಂಶ ಎಲ್ಲ 1927ರ ಡೇಟಮ್ಮಿನವು, ಅಂದರೆ ಭೂಮಿಯ ಮೇಲೆ ಜಾಗ ಗುರುತಿಸಲು ಆಗ ಇಟ್ಟುಕೊಂಡಿದ್ದ ಮೂಲ ಲೆಕ್ಕದವು. ಈಗಿನ ಜಿಪಿಎಸ್ ಲೆಕ್ಕಕ್ಕೆ ಬದಲಿಸದೆ ಹಾಗೇ ಕೂರಿಸಿದರೆ ಆರೆಗಾನ್‌ನಲ್ಲಿ 100 ಮೀಟರ್ ಹತ್ತಿರ ಸರಿದುಬಿಡುತ್ತದೆ. ರಿಪೋರ್ಟ್ ನೋಡಿದ ಹಿರಿಯರು ಬೈಯಲಿಲ್ಲ.

"ಎಡಮೂಲೆ ಓದಿದ್ಯೇನಪ್ಪಾ?" ಅಂದರು.

ಓದಿರಲಿಲ್ಲ. ಡೇಟಮ್ ಯಾವುದು ಅಂತ ಅಲ್ಲೇ ಅಚ್ಚಾಗಿತ್ತು.