ಅಗ್ಗದ ಕಾರ್ಡು, ಹಳೆಯ ವರ್ಕ್‌ಸ್ಟೇಷನ್ನು: ಸ್ಲಾಟಿನಲ್ಲಿ ಕೂತರೂ ಕೆಲಸಕ್ಕೆ ಬಾರದ ಕತೆ

ವಿರಾಜಪೇಟೆಯಲ್ಲೋ ಗೋಣಿಕೊಪ್ಪಲಿನಲ್ಲೋ ಕಂಪ್ಯೂಟರ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿರುವ ಹಳೆಯ ಪಿಸಿಐ (ಕಂಪ್ಯೂಟರಿನೊಳಗೆ ಹೆಚ್ಚುವರಿ ಕಾರ್ಡು ಕೂರಿಸುವ ಸ್ಲಾಟಿನ ಒಂದು ಬಗೆ) ನೆಟ್‌ವರ್ಕ್ ಕಾರ್ಡೊಂದನ್ನು ತಂದು, ಒಂದು ಕಾಲಕ್ಕೆ ಲಕ್ಷಗಟ್ಟಲೆ ರೂಪಾಯಿ ಬೆಲೆಯಿದ್ದ ಯೂನಿಕ್ಸ್ ವರ್ಕ್‌ಸ್ಟೇಷನ್ನಿಗೆ ಹಾಕಬಹುದೇ ಎಂದು ಕೇಳಿದರೆ, ಬಲ್ಲವರಿಂದ ಮೂರು ಉತ್ತರಗಳು ಬರುತ್ತವೆ. ಸ್ಲಾಟು ಒಂದೇ ಆದ್ದರಿಂದ ಹೊಂದುತ್ತದೆ ಎನ್ನುವವರು ಒಬ್ಬರು. ಯಂತ್ರ ಶುರುವಾಗುವಾಗ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎನ್ನುವವರು ಇನ್ನೊಬ್ಬರು. ಸನ್ ಕಂಪನಿಯ ಆಪರೇಟಿಂಗ್ ಸಿಸ್ಟಮ್ ಆದ ಸೊಲಾರಿಸ್‌ನಲ್ಲಿ ನಡೆಯದು, ಮುಕ್ತ ತಂತ್ರಾಂಶವಾದ ನೆಟ್‌ಬಿಎಸ್‌ಡಿಯಲ್ಲಿ ನಡೆಯುತ್ತದೆ ಎನ್ನುವವರು ಮತ್ತೊಬ್ಬರು. ಮೂರೂ ಮಾತು ನಿಜ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದವರ ಜೊತೆ ಇಂಥ ಯಂತ್ರಗಳೂ ಅಲ್ಲೊಂದು ಇಲ್ಲೊಂದು ಕೊಡಗಿಗೆ ಬಂದು ಸೇರಿರುವುದರಿಂದ, ಈ ಮೂರು ಮಾತುಗಳು ಒಟ್ಟಿಗೇ ಹೇಗೆ ನಿಜವಾದವು ಎಂಬುದನ್ನು ಬಿಡಿಸಿ ನೋಡುವ ಅಗತ್ಯವಿದೆ.

1990ರ ಆಸುಪಾಸಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಸನ್ ಕಂಪನಿ 1989ರ ಸ್ಪಾರ್ಕ್‌ಸ್ಟೇಷನ್ 1ರಲ್ಲಿ ಕಾರ್ಡು ಜೋಡಿಸಲು ಎಸ್‌ಬಸ್ ಎಂಬ ತನ್ನದೇ ಏರ್ಪಾಡು ತಂದಿತ್ತು, ಡಿಜಿಟಲ್ ಕಂಪನಿಯದು ಟರ್ಬೋಚಾನೆಲ್, ಸಿಲಿಕಾನ್ ಗ್ರಾಫಿಕ್ಸ್‌ನದು ಜಿಐಒ, ಐಬಿಎಂನದು ಮೈಕ್ರೋ ಚಾನೆಲ್. ಒಬ್ಬರ ಕಾರ್ಡು ಇನ್ನೊಬ್ಬರ ಯಂತ್ರದೊಳಗೆ ಕೂರುತ್ತಲೇ ಇರಲಿಲ್ಲ. 1992ರಲ್ಲಿ ಇಂಟೆಲ್ ಪಿಸಿಐ ಎಂಬ ಮಾನಕವನ್ನು ಮುಂದಿಟ್ಟ ಮೇಲೆ ಚಿತ್ರ ಬದಲಾಯಿತು. ಡಿಜಿಟಲ್ ಕಂಪನಿಯ 1994ರ ಆಲ್ಫಾಸ್ಟೇಷನ್‌ಗಳಲ್ಲಿ ಪಿಸಿಐ ಬಂತು, 1996ರಲ್ಲಿ ಸಿಲಿಕಾನ್ ಗ್ರಾಫಿಕ್ಸ್‌ನ ಓ2 ಯಂತ್ರಕ್ಕೆ ಒಂದೇ ಒಂದು ಪಿಸಿಐ ಸ್ಲಾಟ್ ಸಿಕ್ಕಿತು, 1997ರಲ್ಲಿ ಸನ್ ಕೂಡ ತನ್ನ ವರ್ಕ್‌ಸ್ಟೇಷನ್ನಿಗೆ ಪಿಸಿಐ ಹಾಕಿತು. ಅಂಗಡಿಯ ಪಿಸಿಯಲ್ಲಿದ್ದ ಸ್ಲಾಟೇ ಈಗ ಪ್ರಯೋಗಾಲಯದ ಯಂತ್ರದಲ್ಲೂ ಇತ್ತು.

ಗೊಂದಲ ನಿಜವಾಗಿ ಬಲಿತದ್ದು 1998ರ ಜನವರಿಯಲ್ಲಿ ಬಂದ ಸನ್ ಕಂಪನಿಯ ಅಲ್ಟ್ರಾ 5 ಮತ್ತು ಅಲ್ಟ್ರಾ 10 ಯಂತ್ರಗಳಿಂದ. ಕಡಿಮೆ ಬೆಲೆಗೆ ಮಾರಬೇಕೆಂಬ ಉದ್ದೇಶದಿಂದಲೇ ರೂಪಿಸಿದ ಇವುಗಳಲ್ಲಿ ಪಿಸಿಗಳಲ್ಲಿರುವಂಥ ಐಡಿಇ ಹಾರ್ಡ್ ಡಿಸ್ಕ್ ಇತ್ತು, ಮದರ್‌ಬೋರ್ಡಿನ ಮೇಲೆ ಪಿಸಿ ಕಾರ್ಡುಗಳಿಂದ ಪರಿಚಿತವಾಗಿದ್ದ ಎಟಿಐ ಗ್ರಾಫಿಕ್ಸ್ ಚಿಪ್ ಇತ್ತು, ಅಲ್ಟ್ರಾ 5ರೊಳಗೆ ಮೂರು ಪಿಸಿಐ ಸ್ಲಾಟುಗಳಿದ್ದವು. 2000ದಲ್ಲಿ ಬಂದ ಸನ್ ಬ್ಲೇಡ್ 100ರ ಆರಂಭಿಕ ಬೆಲೆ 1,000 ಡಾಲರಿಗಿಂತಲೂ ಕೆಳಗಿಳಿಯಿತು. ತಯಾರಕರೇ ಪಿಸಿಯ ಬಿಡಿಭಾಗಗಳನ್ನು ಒಳಗೆ ತುಂಬಿದ ಮೇಲೆ, ಖಾಲಿ ಉಳಿದ ಸ್ಲಾಟಿಗೂ ಪಿಸಿಯ ಕಾರ್ಡನ್ನೇ ಹಾಕೋಣವೆಂದು ಬಳಕೆದಾರರಿಗೆ ಅನ್ನಿಸಿದ್ದರೆ ಅದನ್ನು ದುರಾಸೆ ಎನ್ನಲಾಗದು. ಆದರೆ ಹಾಕಿ ನೋಡಿದವರಿಗೆ ಸಿಕ್ಕಿದ್ದು ಹೆಚ್ಚಾಗಿ ಖಾಲಿ ಪರದೆ.

ಕಾರಣ ಫರ್ಮ್‌ವೇರಿನಲ್ಲಿದೆ, ಎಂದರೆ ಯಂತ್ರ ಶುರುವಾದೊಡನೆ ಓಡುವ, ಚಿಪ್ಪಿನಲ್ಲೇ ಇರುವ ಪ್ರೋಗ್ರಾಮಿನಲ್ಲಿ. ಪಿಸಿಯಲ್ಲಿ ಬಯಾಸ್ ಮಾಡುವ ಕೆಲಸವನ್ನು ಸನ್ ಯಂತ್ರಗಳಲ್ಲಿ ಓಪನ್‌ಬೂಟ್ ಮಾಡುತ್ತದೆ. ಬಿಳಿ ಪರದೆಯ ಮೇಲೆ 'ಓಕೆ' ಎಂದು ಕಾಣಿಸಿ ಆಜ್ಞೆಗೆ ಕಾಯುವುದು ಇದೇ. ಇದರ ಬೆನ್ನೆಲುಬು ಫೋರ್ತ್ ಎಂಬ ಪುಟ್ಟ ಭಾಷೆ. ಪ್ರತಿಯೊಂದು ಕಾರ್ಡೂ ತನ್ನನ್ನು ನಡೆಸುವ ಆರಂಭಿಕ ಪ್ರೋಗ್ರಾಮನ್ನು ಎಫ್‌ಕೋಡ್ ಎಂಬ ಸಂಕ್ಷಿಪ್ತ ರೂಪದಲ್ಲಿ ತನ್ನದೇ ರೋಮ್ ಚಿಪ್ಪಿನಲ್ಲಿ ಹೊತ್ತು ತರಬೇಕು, ಯಂತ್ರ ಅದನ್ನು ಓದಿ ಕಾರ್ಡಿನ ಪರಿಚಯ ಮಾಡಿಕೊಳ್ಳಬೇಕು ಎಂಬುದು ಇಲ್ಲಿನ ಏರ್ಪಾಡು. ಎಫ್‌ಕೋಡ್ ಯಾವುದೇ ಒಂದು ಪ್ರೊಸೆಸರಿನ ಸೊತ್ತಲ್ಲವಾದ್ದರಿಂದ, ಒಂದೇ ಕಾರ್ಡು ಯಾರ ಯಂತ್ರದಲ್ಲಾದರೂ ನಡೆಯಲಿ ಎಂಬ ಉದಾರವಾದ ಆಲೋಚನೆ ಇದರ ಹಿಂದಿತ್ತು. 1994ರಲ್ಲಿ ಇದು ಐಇಇಇ 1275 ಎಂಬ ಮಾನಕವೂ ಆಯಿತು. ಪವರ್ ಮ್ಯಾಕಿಂಟಾಷ್‌ಗಳೂ ಇದೇ ದಾರಿ ಹಿಡಿದವು. ಎಲ್ಲರಿಗೂ ಬಾಗಿಲು ತೆರೆಯಲೆಂದು ಮಾಡಿದ ಕೀಲಿಯೇ ಮುಂದೆ ಅಗ್ಗದ ಕಾರ್ಡುಗಳ ಪಾಲಿಗೆ ಬೀಗವಾದದ್ದು ಈ ಕತೆಯ ವಿಚಿತ್ರ.

ಪಿಸಿಐ ಮಾನಕ ಇದಕ್ಕೆ ಅಡ್ಡಿಯಾಗಿತ್ತೆಂದು ಹೇಳುವಂತಿಲ್ಲ. ಕಾರ್ಡಿನ ರೋಮ್‌ನೊಳಗೆ 55 ಎಎ ಎಂಬ ಗುರುತಿನಿಂದ ಶುರುವಾಗುವ ಒಂದಕ್ಕಿಂತ ಹೆಚ್ಚು ಪ್ರೋಗ್ರಾಮುಗಳನ್ನು ಸಾಲಾಗಿ ಇಡಲು ಅದು ಅವಕಾಶ ಕೊಟ್ಟಿದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆಯ ಗುರುತಿರುತ್ತದೆ: 0 ಇದ್ದರೆ ಪಿಸಿ ಬಯಾಸ್‌ನದು, 1 ಇದ್ದರೆ ಎಫ್‌ಕೋಡ್. ಎರಡನ್ನೂ ಒಂದೇ ಕಾರ್ಡಿನಲ್ಲಿ ತುಂಬಿದ್ದರೆ ತಕರಾರೇ ಇರುತ್ತಿರಲಿಲ್ಲ. ಆದರೆ ಅದಕ್ಕೆ ದೊಡ್ಡ ಚಿಪ್ ಬೇಕು, ಫೋರ್ತ್ ಬಲ್ಲ ಒಬ್ಬ ಎಂಜಿನಿಯರ್ ಬೇಕು; ಪೈಸೆ ಪೈಸೆಗೂ ಲೆಕ್ಕ ಹಾಕುವ ಪಿಸಿ ಕಾರ್ಡಿನ ತಯಾರಕನಿಗೆ ಕೈಬೆರಳೆಣಿಕೆಯ ಯೂನಿಕ್ಸ್ ಗಿರಾಕಿಗಳಿಗಾಗಿ ಆ ಖರ್ಚು ದಂಡವೆನಿಸಿತು. ಅಗ್ಗದ ನೆಟ್‌ವರ್ಕ್ ಕಾರ್ಡುಗಳಲ್ಲಂತೂ ರೋಮ್ ಚಿಪ್ಪಿನ ಜಾಗದಲ್ಲಿ ಖಾಲಿ ಸಾಕೆಟ್ ಮಾತ್ರ ಇರುತ್ತಿತ್ತು. ಇತ್ತ ಅದೇ ಚಿಪ್ಪಿಗೆ ಎಫ್‌ಕೋಡ್ ಸೇರಿಸಿ, ಬೇರೆ ಪಾರ್ಟ್ ನಂಬರ್ ಅಂಟಿಸಿದ ಕಾರ್ಡು ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತಿತ್ತು. ಆ ಬೆಲೆಯಲ್ಲಿ ಪರೀಕ್ಷೆಯ, ಖಾತರಿಯ, ಸೇವೆಯ ಪಾಲೂ ಇತ್ತೆಂಬುದನ್ನು ಒಪ್ಪಬೇಕು. ವ್ಯತ್ಯಾಸವೆಲ್ಲವೂ ಅದರಿಂದಲೇ ಬಂತೆಂದು ನಂಬುವುದು ಮಾತ್ರ ನನಗೆ ಕಷ್ಟ.

ಹೀಗೆ ಅನ್ನಿಸಲು ಆಲ್ಫಾ ಯಂತ್ರಗಳೇ ಕಾರಣ. ಅವುಗಳ ಎಸ್‌ಆರ್‌ಎಂ ಎಂಬ ಫರ್ಮ್‌ವೇರಿನೊಳಗೆ ಇಂಟೆಲ್ ಪ್ರೊಸೆಸರನ್ನು ಅನುಕರಿಸುವ ಒಂದು ಚಿಕ್ಕ ಪ್ರೋಗ್ರಾಮ್ ಇತ್ತು. ಸಾಮಾನ್ಯ ವಿಜಿಎ ಕಾರ್ಡಿನ ಪಿಸಿ ಬಯಾಸನ್ನು ಅದು ತಾನೇ ನಡೆಸಿ ಪರದೆಯನ್ನು ಬೆಳಗಿಸುತ್ತಿತ್ತು. ಇಂಟೆಲ್‌ಗೆ ಸಂಬಂಧವೇ ಇಲ್ಲದ ಪ್ರೊಸೆಸರಿನ ಮೇಲೆ ಇದು ಸಾಧ್ಯವಾಯಿತೆಂದರೆ, ಬೇರೆ ಕಡೆ ಆಗದೆ ಉಳಿದದ್ದಕ್ಕೆ ಭೌತಶಾಸ್ತ್ರದ ನಿಯಮಗಳನ್ನು ದೂರಿ ಫಲವಿಲ್ಲ.

ಎಫ್‌ಕೋಡ್ ಇಲ್ಲದ ಕಾರ್ಡು ಪೂರ್ತಿ ಅನಾಥವೇನಲ್ಲ. ಪ್ರತಿ ಪಿಸಿಐ ಸಾಧನಕ್ಕೂ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎಂದು ಎರಡು ಗುರುತುಗಳಿದ್ದು, ಓಪನ್‌ಬೂಟ್ ಅಷ್ಟನ್ನು ಓದಿ ತನ್ನ ಪಟ್ಟಿಯಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ. ಆ ಕಾರ್ಡಿನ ಮೂಲಕ ಬೂಟ್ ಮಾಡಲು, ಅದರ ಮೂಲಕ ಪರದೆ ತೋರಿಸಲು ಆಗದು, ಅಷ್ಟೆ. ಯಂತ್ರ ತನ್ನದೇ ಡಿಸ್ಕಿನಿಂದ ಎದ್ದು ನಿಂತ ಮೇಲೆ ಆಪರೇಟಿಂಗ್ ಸಿಸ್ಟಮ್ ಆ ಸಾಲನ್ನು ನೋಡಿ ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಮ್) ಹುಡುಕುತ್ತದೆ. ಸೊಲಾರಿಸ್‌ನಲ್ಲಿ ಹೀಗೆ ಸಾಧನದ ಹೆಸರಿಗೂ ಡ್ರೈವರಿಗೂ ಗಂಟು ಹಾಕುವ ಕಡತವೊಂದಿದ್ದು, ಒಂದೇ ಕುಲದ ಚಿಪ್ ಇರುವ ಅಗ್ಗದ ಸ್ಕಸಿ (ಹಾರ್ಡ್ ಡಿಸ್ಕ್ ಮುಂತಾದವನ್ನು ಜೋಡಿಸುವ) ಕಾರ್ಡಿನ ಸಂಖ್ಯೆಯನ್ನು ಅದಕ್ಕೆ ಸೇರಿಸಿ ಕೆಲಸ ಸಾಧಿಸಿಕೊಂಡವರು ಅನೇಕರು. ಆ ಚಿಪ್ಪಿಗೆ ಸನ್ ಯಂತ್ರಗಳ ಪ್ರೊಸೆಸರಾದ ಸ್ಪಾರ್ಕಿನ ಡ್ರೈವರೇ ಇಲ್ಲದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು.

ಪಿಸಿಗಾಗಿ ಬರೆದ ಡ್ರೈವರನ್ನೇ ತಂದು ಸ್ಪಾರ್ಕಿಗೆ ಹೊಂದಿಸಬಾರದೇ ಎಂದರೆ, ಅಲ್ಲಿ ಬೈಟ್ ಕ್ರಮದ ತೊಡಕಿದೆ. ಕೊಡವರಲ್ಲಿ ಒಕ್ಕದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಬೇರೆ ಕಡೆಯ ಕಚೇರಿಯ ಅರ್ಜಿಯಲ್ಲಿ ಮೊದಲ ಖಾನೆಯೇ ವ್ಯಕ್ತಿಯ ಹೆಸರಿಗೆ ಮೀಸಲು. ಕ್ರಮ ತಪ್ಪಿ ತುಂಬಿದ ಅರ್ಜಿಯಲ್ಲಿ ಅಕ್ಷರಗಳೆಲ್ಲ ಸರಿಯಾಗಿದ್ದರೂ ಆ ಹೆಸರಿನ ಮನುಷ್ಯ ದಾಖಲೆಯಲ್ಲಿ ಸಿಗುವುದಿಲ್ಲ ಎಂಬುದು ನಮ್ಮ ಊರಿನ ಅನೇಕರ ಅನುಭವ. ಇಲ್ಲೂ ಹಾಗೆಯೇ: ಇಂಟೆಲ್ ಮತ್ತು ಪಿಸಿಐ ಸಂಖ್ಯೆಯ ಚಿಕ್ಕ ಬೈಟನ್ನು ಮೊದಲಿಡುತ್ತವೆ, ಸ್ಪಾರ್ಕ್ ದೊಡ್ಡದನ್ನು ಮೊದಲಿಡುತ್ತದೆ; 12 34 56 78 ಎಂದು ಬರೆದದ್ದನ್ನು 78 56 34 12 ಎಂದು ಓದಿದಂತಾಗುತ್ತದೆ. ಅಲ್ಟ್ರಾಸ್ಪಾರ್ಕ್ ಪ್ರೊಸೆಸರಿಗೆ ಎರಡೂ ಕ್ರಮದಲ್ಲಿ ಓದುವ ಶಕ್ತಿಯಿತ್ತು. ಪಿಸಿಯ ಮೇಲೆ ಮಾತ್ರ ಪರೀಕ್ಷಿಸಿ ಮುಗಿಸಿದ ಡ್ರೈವರುಗಳಲ್ಲಿ ಅದನ್ನು ಕೇಳಿಕೊಳ್ಳುವ ಸಾಲುಗಳು ಇರಲಿಲ್ಲ.

ಇನ್ನೊಂದು ತೊಡಕು ವಿಳಾಸದ್ದು. 4 ಬೈಟಿನ ಸಂಖ್ಯೆಯೊಂದು 4ರಿಂದ ಭಾಗವಾಗುವ ವಿಳಾಸದಲ್ಲೇ ಇರಬೇಕೆಂಬ ಹಟ ಸ್ಪಾರ್ಕಿನದು. ಇಂಟೆಲ್ ಇದನ್ನು ಸಹಿಸಿಕೊಳ್ಳುತ್ತದೆ. ಈಥರ್ನೆಟ್ ಪ್ಯಾಕೆಟಿನ ಶಿರೋಭಾಗ 14 ಬೈಟು ಇರುವುದರಿಂದ ಅದರ ಹಿಂದೆಯೇ ಬರುವ ಐಪಿ ಭಾಗ ಸಹಜವಾಗಿಯೇ ತಪ್ಪು ಜಾಗದಲ್ಲಿ ಬೀಳುತ್ತದೆ, ಡ್ರೈವರ್ ಎಚ್ಚರ ವಹಿಸದಿದ್ದರೆ ಯಂತ್ರ ಕುಸಿಯುತ್ತದೆ. ಭಾರತದ ಅಂಗಡಿಗಳಲ್ಲಿ ಅತ್ಯಂತ ಸುಲಭವಾಗಿ ಸಿಗುತ್ತಿದ್ದ ರಿಯಲ್‌ಟೆಕ್ 8139 ಚಿಪ್ಪಿನಲ್ಲಿ ಬಂದ ಪ್ಯಾಕೆಟುಗಳೆಲ್ಲ ಒಂದೇ ಉದ್ದನೆಯ ಬಫರಿನಲ್ಲಿ ಸಾಲಾಗಿ ಬಂದು ಬೀಳುವುದರಿಂದ, ಪ್ರತಿಯೊಂದನ್ನೂ ಪ್ರೊಸೆಸರೇ ಹೊತ್ತು ಸರಿಯಾದ ಜಾಗಕ್ಕೆ ನಕಲು ಮಾಡಬೇಕು. 333 ಮೆಗಾಹರ್ಟ್ಸ್‌ನ ಅಲ್ಟ್ರಾ 5ಕ್ಕೆ ಇದು ಹಗುರವಾದ ಹೊರೆಯಲ್ಲ. ಡಿಜಿಟಲ್ ಕಂಪನಿಯ ಟುಲಿಪ್ ಚಿಪ್ ಇರುವ ಕಾರ್ಡುಗಳನ್ನು ಹಳಬರು ಈಗಲೂ ಹುಡುಕಿ ಎತ್ತಿಟ್ಟುಕೊಳ್ಳುತ್ತಾರೆ.

ಗಂಟು ಸಡಿಲವಾದದ್ದು ಮುಕ್ತ ತಂತ್ರಾಂಶದ ಕಡೆಯಿಂದ. 1990ರ ದಶಕದ ಕೊನೆಯಲ್ಲಿ ನೆಟ್‌ಬಿಎಸ್‌ಡಿ ಬಳಗದವರು ಬೈಟ್ ಕ್ರಮ, ವಿಳಾಸ, ಡಿಎಂಎ (ಪ್ರೊಸೆಸರನ್ನು ಬಿಟ್ಟು ಕಾರ್ಡೇ ನೇರವಾಗಿ ಮೆಮೊರಿಗೆ ಬರೆಯುವ ಬಗೆ) ಇವುಗಳ ಗೋಜನ್ನೆಲ್ಲ ಡ್ರೈವರಿನಿಂದ ಹೊರಗೆಳೆದು ಬೇರೆಯೇ ಒಂದು ಪದರದಲ್ಲಿ ಇರಿಸಿದರು. ಒಮ್ಮೆ ಸರಿಯಾಗಿ ಬರೆದ ಡ್ರೈವರ್ ಆಲ್ಫಾ, ಸ್ಪಾರ್ಕ್, ಪಿಸಿ ಎಲ್ಲದರ ಮೇಲೂ ನಡೆಯತೊಡಗಿತು. ಲಿನಕ್ಸ್‌ನಲ್ಲೂ ಬೇರೆ ಬಗೆಯಲ್ಲಿ ಇದೇ ಆಯಿತು. ಸೊಲಾರಿಸ್‌ನ ಮೂಲ ಸಂಕೇತ 2005ರಲ್ಲಿ ತೆರೆದುಕೊಂಡಿತಾದರೂ, ಆ ಹೊತ್ತಿಗೆ ಅಲ್ಟ್ರಾ 5ರಂಥ ಯಂತ್ರಗಳು ಕಂಪನಿಗಳ ಮೇಜಿನಿಂದ ಇಳಿದಾಗಿತ್ತು.

ಅವು ಇಳಿದು ಹೋದದ್ದು ಎಲ್ಲಿಗೆ ಎಂಬುದರಲ್ಲೇ ನಮ್ಮ ಭಾಗ ಶುರುವಾಗುತ್ತದೆ. 1997ರ ಮಾಹಿತಿ ತಂತ್ರಜ್ಞಾನ ಒಪ್ಪಂದದಂತೆ ಭಾರತ 2005ರ ಹೊತ್ತಿಗೆ ಕಂಪ್ಯೂಟರ್ ಸಾಮಗ್ರಿಗಳ ಮೇಲಿನ ಆಮದು ಸುಂಕವನ್ನು ಸೊನ್ನೆಗೆ ಇಳಿಸಿತು. ಪಿಸಿ ಕಾರ್ಡುಗಳು ಇನ್ನಷ್ಟು ಅಗ್ಗವಾದವು. ಲಿನಕ್ಸ್ ಹಾಕಿದ ಪಿಸಿಗಳು ವರ್ಕ್‌ಸ್ಟೇಷನ್ನುಗಳ ಜಾಗಕ್ಕೆ ಬಂದಾಗ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹಳೆಯ ಸನ್ ಪೆಟ್ಟಿಗೆಗಳು ಕಾಣಿಸಿಕೊಂಡವು. ರೈಲಿಲ್ಲದ ನಮ್ಮ ಜಿಲ್ಲೆಗೆ ಅವು ಬಸ್ಸಿನ ಡಿಕ್ಕಿಯಲ್ಲಿ, ಕುಶಾಲನಗರದ ದಾರಿಯಾಗಿ ಬಂದವು. ನನ್ನ ಅಲ್ಟ್ರಾ 5 ಮಡಿಕೇರಿಗೆ ಬಂದದ್ದೂ ಹಾಗೆಯೇ.

ಕೊಡಗಿನ ಮಳೆಗಾಲ ಈ ಗೊಂದಲಕ್ಕೆ ತನ್ನದೂ ಒಂದು ಪಾಲು ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಗಳಲ್ಲಿ ಕಾರ್ಡಿನ ಅಂಚಿನ ಲೋಹದ ಪಟ್ಟಿಗಳು ಮಂಕಾಗುತ್ತವೆ, ಸ್ಲಾಟಿನೊಳಗೆ ಬೂಷ್ಟು ಹಿಡಿಯುತ್ತದೆ. ಎಫ್‌ಕೋಡ್ ಇಲ್ಲವೆಂದೇ ಯಂತ್ರ ಗುರುತಿಸುತ್ತಿಲ್ಲವೆಂದು ನಾನು ಎರಡು ದಿನ ಗೊಣಗಿದ ನೆಟ್‌ವರ್ಕ್ ಕಾರ್ಡೊಂದು, ಮಗಳ ಪೆನ್ಸಿಲ್ ರಬ್ಬರಿನಿಂದ ಆ ಪಟ್ಟಿಗಳನ್ನು ಉಜ್ಜಿ ಮತ್ತೆ ಕೂರಿಸಿದ ಕೂಡಲೇ ಓಪನ್‌ಬೂಟ್‌ನ ಸಾಧನಗಳ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ದೋಷ ಹೆಚ್ಚಾಗಿ ಲೋಹದ್ದು. ಹೆಸರಿದ್ದೂ ಕೆಲಸವಿಲ್ಲದಿದ್ದರೆ ಮಾತ್ರ ಡ್ರೈವರನ್ನೋ ಎಫ್‌ಕೋಡನ್ನೋ ಸಂಶಯಿಸಬೇಕು. ಇದರ ಜೊತೆಗೆ, ಯಂತ್ರದ ಗಡಿಯಾರದ ಚಿಪ್ಪಿನೊಳಗಿನ ಬ್ಯಾಟರಿ ಸತ್ತರೆ ಅಲ್ಲೇ ಇರಿಸಿದ್ದ ಈಥರ್ನೆಟ್ ವಿಳಾಸವೂ ಅಳಿಸಿಹೋಗುತ್ತದೆ. ಸನ್ ಯಂತ್ರಗಳು ಸಾಮಾನ್ಯವಾಗಿ ಎಲ್ಲ ಕಾರ್ಡುಗಳಿಗೂ ಆ ಒಂದೇ ವಿಳಾಸವನ್ನು ಹಂಚುವುದರಿಂದ ನೆಟ್‌ವರ್ಕ್ ಪೂರ್ತಿ ನಿಲ್ಲುತ್ತದೆ. ತನ್ನ ವಿಳಾಸವನ್ನು ತನ್ನದೇ ಚಿಕ್ಕ ಚಿಪ್ಪಿನಲ್ಲಿ ಇಟ್ಟುಕೊಂಡಿರುವ ಅಗ್ಗದ ಪಿಸಿ ಕಾರ್ಡು ಈ ಒಂದು ವಿಷಯದಲ್ಲಿ ದುಬಾರಿ ಕಾರ್ಡಿಗಿಂತ ಮೇಲು.

ಗ್ರಾಫಿಕ್ಸ್ ಕಾರ್ಡುಗಳದು ಬೇರೆಯೇ ದಾರಿ. ಸನ್ ಮಾರುತ್ತಿದ್ದ ಎಕ್ಸ್‌ವಿಆರ್-100 ಕಾರ್ಡಿನೊಳಗೆ ಇದ್ದದ್ದು ಪಿಸಿಗಳಲ್ಲಿ ಧಾರಾಳವಾಗಿದ್ದ ರೇಡಿಯಾನ್ 7000 ಚಿಪ್. ಆದ್ದರಿಂದ ಮೂಲ ಕಾರ್ಡಿನ ರೋಮ್ ಪ್ರತಿಯನ್ನು ಪಿಸಿ ಕಾರ್ಡಿಗೆ ತುಂಬುವ ಪ್ರಯತ್ನಗಳು ನಡೆದವು. ಮ್ಯಾಕಿಂಟಾಷ್ ಬಳಗದಲ್ಲೂ ಇದೇ ಚಾಳಿ. ಪಿಸಿ ಕಾರ್ಡಿನ 64 ಕಿಲೋಬೈಟ್ ಚಿಪ್ಪಿನಲ್ಲಿ ಮ್ಯಾಕಿನ 128 ಕಿಲೋಬೈಟ್ ಪ್ರೋಗ್ರಾಮ್ ಹಿಡಿಸದೆ, ಚಿಪ್ಪನ್ನೇ ಕಿತ್ತು ದೊಡ್ಡದನ್ನು ಬೆಸುಗೆ ಹಾಕಿದವರಿದ್ದಾರೆ. ಕೈ ನಡುಗಿದರೆ ಕಾರ್ಡು ಹೋಯಿತು. ರೋಮ್‌ನ ಪ್ರತಿಯ ಹಕ್ಕು ಯಾರದೆಂಬ ಪ್ರಶ್ನೆಯೂ ಅಲ್ಲಿದೆ. ಹಳೆಯ ಸರ್ವರುಗಳಿಂದ ಕಳಚಿದ ಮೂಲ ಕಾರ್ಡೇ ಸಿಗುವಂತಿದ್ದರೆ ಈ ಸಾಹಸ ಬೇಕಿಲ್ಲವೆಂಬುದು ನನ್ನ ಎಣಿಕೆ. ನೆಟ್‌ವರ್ಕ್ ಕಾರ್ಡಿಗೆ, ಎನ್‌ಇಸಿ ಚಿಪ್ಪಿನ ಯುಎಸ್‌ಬಿ ಕಾರ್ಡಿಗೆ ಮಾತ್ರ ಪಿಸಿಯದೇ ಸಾಕು.

2012ರ ಮೇ 1ರಿಂದ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದ ಮೇಲೆ ಕಂಪನಿಗಳ ಹಳೆಯ ಯಂತ್ರಗಳು ಪರವಾನಗಿ ಪಡೆದ ಮರುಬಳಕೆದಾರರ ಕಡೆಗೆ ತಿರುಗಬೇಕಾಯಿತು. ಹೊಸ ಮದರ್‌ಬೋರ್ಡುಗಳಲ್ಲಿ ಪಿಸಿಐ ಸ್ಲಾಟೇ ಇಲ್ಲವಾದ್ದರಿಂದ ರಿಪೇರಿ ಅಂಗಡಿಯವರು ಆ ಕಾರ್ಡುಗಳನ್ನು ಕೇಳಿದವರಿಗೆ ಸುಮ್ಮನೆ ಕೊಟ್ಟುಬಿಡುತ್ತಾರೆ. 2011ರ ಸೊಲಾರಿಸ್ 11 ಈ ವರ್ಕ್‌ಸ್ಟೇಷನ್ನುಗಳನ್ನು ಕೈಬಿಟ್ಟಿತು. ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿಗಳು ಇನ್ನೂ ಬಿಟ್ಟಿಲ್ಲ. ನನ್ನ ಯಂತ್ರದಲ್ಲಿ ಈಗ ಪುಕ್ಕಟೆ ಸಿಕ್ಕ ಟುಲಿಪ್ ಕಾರ್ಡೊಂದು ನೆಟ್‌ಬಿಎಸ್‌ಡಿಯಲ್ಲಿ ನಡೆಯುತ್ತಿದೆ. ನೆಟ್‌ವರ್ಕಿನಿಂದ ಬೂಟ್ ಮಾಡಬೇಕಾದಾಗ ಮಾತ್ರ ಕೇಬಲನ್ನು ಕಿತ್ತು ಮದರ್‌ಬೋರ್ಡಿನ ಹಳೆಯ ಪೋರ್ಟಿಗೇ ಚುಚ್ಚುತ್ತೇನೆ.